ಪಟ್ಟಿಯಲ್ಲಿಲ್ಲದ ದ್ರಾಕ್ಷಿ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಮೂಗಣ್ಣಾ,

ನೀನು, ನಿನ್ನ ಹೆಂಡತಿ, ಮಗಳು ಮೂವರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಐದು ತಿಂಗಳಾಯಿತು. ಉತ್ತರ ಬರೆಯದೆ ಇದ್ದದ್ದಕ್ಕೆ ಅಕ್ಕನನ್ನು ಎಷ್ಟು ಬೇಕಾದರೂ ಬೈದುಕೋ. ನಾಲ್ಕು ಸಲ ಬರೆಯಲು ಕುಳಿತೆ. ನಾಲ್ಕು ಸಲವೂ ‘ನಾವೆಲ್ಲ ಕ್ಷೇಮ’ ಎನ್ನುವಲ್ಲಿಗೆ ಪೆನ್ನು ನಿಂತುಬಿಟ್ಟಿತು. ಕ್ಷೇಮವಾಗಿಲ್ಲ ಅಂತಲ್ಲ. ಆದರೆ ಆ ಎರಡು ಪದ ಬರೆದು ಲಕೋಟೆಗೆ ಅಂಟು ಹಚ್ಚಲು ಮನಸ್ಸು ಒಪ್ಪಲಿಲ್ಲ.

ನಿನ್ನನ್ನು ಈ ಹೆಸರಿನಿಂದ ಕರೆಯುವವಳು ಈಗ ನಾನೊಬ್ಬಳೇ ಇರಬೇಕು. ಕೈಗೆ ಸಿಕ್ಕಿದ್ದನ್ನೆಲ್ಲ ಮೂಗಿಗೆ ಹಿಡಿಯುತ್ತೀಯೆಂದು ಅಮ್ಮ ಇಟ್ಟ ಹೆಸರು. ಶಾಲೆಗೆ ಸೇರಿಸಿದ ದಿನ ನಾನು ಹಾಗೆ ಕರೆದದ್ದು ಕೇಳಿ ಮೇಷ್ಟ್ರು, “ಪಾಪ, ಹುಟ್ಟಿನಿಂದ್ಲೇ ಮಾತು ಬರಲ್ವಾ?” ಅಂದರು. ನೀನು ಅವರ ತೋಳು ಮೂಸಿ, “ಸಾರ್, ನೀವು ಬೆಳಿಗ್ಗೆ ಈರುಳ್ಳಿ ತಿಂದಿದೀರ” ಅಂದೆ. ಮೇಷ್ಟ್ರು ಆ ವರ್ಷವೆಲ್ಲ ನಿನ್ನಿಂದ ಎರಡು ಮಾರು ದೂರವೇ ನಿಂತು ಪಾಠ ಮಾಡಿದರು. ಮೊನ್ನೆ ಪೇಟೆಯಲ್ಲಿ ಸಿಕ್ಕಿದ್ದರು. ನಿನ್ನ ಬಗ್ಗೆ ಕೇಳಿದರು. ದೊಡ್ಡ ಕಂಪನಿಯಲ್ಲಿ ವೈನಿನ ರುಚಿ ನೋಡುವ ಮುಖ್ಯಸ್ಥ ಅಂದೆ. “ಅದೇ ಕೆಲಸಕ್ಕೆ ಹುಟ್ಟಿದ್ದ ಬಿಡಮ್ಮ” ಅಂದರು.

ನಿನ್ನ ಭಾವ ಬಾಟಲಿ ತುಂಬುವ ಘಟಕದಲ್ಲೇ ಇದ್ದಾರೆ. ಮೊದಲು ದಿನಕ್ಕೆ ಹತ್ತು ಮಾತಾಡುತ್ತಿದ್ದರು, ಈಗ ಏಳಕ್ಕೆ ಇಳಿದಿದ್ದಾರೆ. ಅಡುಗೆಮನೆಯ ಸೋರುವ ನಲ್ಲಿಯನ್ನು ಕೊನೆಗೂ ಬದಲಾಯಿಸಿದರು. ನನ್ನ ಮಂಡಿ ಇಳಿಜಾರು ಹತ್ತುವಾಗ ಮಾತ್ರ ಕಾಟ ಕೊಡುತ್ತದೆ. ತೋಟ ಇರುವುದೇ ಇಳಿಜಾರಿನಲ್ಲಿ, ಏನು ಮಾಡಲಿ?

ಈಗ ವಿಷಯಕ್ಕೆ ಬರುತ್ತೇನೆ. ಬೆಳೆಗಾರರ ಸಂಘ ಅಕ್ಟೋಬರಿನಲ್ಲಿ ಒಂದು ಪಟ್ಟಿ ಹೊರಡಿಸಿತು. ನಿನಗೆ ಗೊತ್ತಿಲ್ಲದೆ ಇರುವುದಿಲ್ಲ, ನಿಮ್ಮ ಕಂಪನಿಯ ಮುದ್ರೆಯೂ ಅದರ ಕೆಳಗಿತ್ತು. ಆದರೂ ಒಂದು ಸಲ ನನ್ನ ಬಾಯಿಂದ ಕೇಳು. ಇನ್ನು ಮುಂದೆ ನಮ್ಮ ಪ್ರದೇಶದ ಹೆಸರನ್ನು ಬಾಟಲಿಯ ಮೇಲೆ ಹಾಕಬೇಕಾದರೆ ಪಟ್ಟಿಯಲ್ಲಿರುವ ಆರು ತಳಿಗಳಿಂದಲೇ ವೈನ್ ಮಾಡಿರಬೇಕು. ಶಿರಾಜ್ ಇದೆ, ಕ್ಯಾಬರ್ನೆ ಇದೆ, ಬಿಳಿಯವು ನಾಲ್ಕಿವೆ. ಆರೂ ಹೊರಗಿನಿಂದ ಬಂದವು. ಈ ಕಣಿವೆಯಲ್ಲಿ ನಮ್ಮ ಅಜ್ಜನ ಅಜ್ಜನ ಕಾಲದಿಂದ ಬೆಳೆಯುವ ಕಾಡಿಗೆ ದ್ರಾಕ್ಷಿ ಇಲ್ಲ. ‘ಪಟ್ಟಿಯಲ್ಲಿಲ್ಲದ ತಳಿಗಳನ್ನು ಕಿತ್ತು ಮರುನಾಟಿ ಮಾಡುವುದು’ ಎಂದು ಕೊನೆಯ ಸಾಲು.

ಕಾಡಿಗೆಯ ವಿಷಯ ನಿನಗೆ ಹೇಳಿಕೊಡಬೇಕೇ? ಹಿಂಡಿದರೆ ಕಣ್ಣಿನ ಕಾಡಿಗೆಯ ಹಾಗೆ ಬೆರಳಿಗೆ ಹತ್ತಿಕೊಂಡು ಮೂರು ದಿನ ಬಿಡುವುದಿಲ್ಲ. ಸಿಪ್ಪೆ ದಪ್ಪ, ಗೊಂಚಲು ಸಡಿಲ, ಎಲ್ಲಕ್ಕಿಂತ ಕೊನೆಗೆ ಹಣ್ಣಾಗುವ ಜಿಗುಟು ಜಾತಿ. ಅಪ್ಪನ ಕಾಲದಲ್ಲಿ ಒಳ್ಳೆಯ ಗೊಂಚಲು ಪೆಟ್ಟಿಗೆ ತುಂಬಿ ಸಂತೆಗೆ ಹೋಗುತ್ತಿತ್ತು, ಉಳಿದದ್ದು ವಿನೆಗರ್ ಕಾರ್ಖಾನೆಗೆ. ವೈನ್ ಎಂದರೆ ಪ್ರತಿ ಮನೆಯವರು ಹಿತ್ತಲಲ್ಲಿ ಒಂದೊಂದು ಪೀಪಾಯಿ ಮಾಡಿಕೊಳ್ಳುವ ವಸ್ತು, ಅಷ್ಟೇ. ಆಮೇಲೆ ಮುಚ್ಚಿಹೋಗಿದ್ದ ಇಟ್ಟಿಗೆ ಕಾರ್ಖಾನೆಗೆ ಮೊದಲ ಕಂಪನಿ ಬಂತು. ಹತ್ತು ವರ್ಷದಲ್ಲಿ ಏಳಾದವು. ರಸ್ತೆ ಅಗಲವಾಯಿತು, ರೈಲಿನಲ್ಲಿ ಪ್ರವಾಸಿಗರು ಬಂದಿಳಿದರು, ಈರುಳ್ಳಿ ಮಾರುತ್ತಿದ್ದ ಅಂಗಡಿಯಲ್ಲಿ ಉದ್ದ ಕಾಲಿನ ಗ್ಲಾಸುಗಳು ನೇತಾಡಿದವು. ನಾನು ಇದನ್ನು ದೂರುತ್ತಿಲ್ಲ. ನನಗೆ ಕೆಲಸ ಸಿಕ್ಕಿದ್ದೂ ಅದರಿಂದಲೇ, ನಿನಗೆ ಓದು ಸಿಕ್ಕಿದ್ದೂ ಅದರಿಂದಲೇ. ಸಂಘದ ನರ್ಸರಿಯಲ್ಲಿ ಇಪ್ಪತ್ತೊಂದು ವರ್ಷ ಕಸಿ ಕಟ್ಟಿದ್ದೇನೆ. ಈ ಕಣಿವೆಯ ಅರ್ಧದಷ್ಟು ಶಿರಾಜ್ ನನ್ನ ಚಾಕು ದಾಟಿ ಹೋದದ್ದು. ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಬಂದವರು ಇರಲಿ, ಸುಖವಾಗಿರಲಿ. ಆದರೆ ಮನೆಯವರನ್ನು ಎಬ್ಬಿಸಿ ಕಳಿಸಿ ಇವರಿಗೆ ಹಾಸಿಗೆ ಹಾಸು ಎಂದರೆ ನನ್ನಿಂದಾಗದು.

ಸಂಘಕ್ಕೆ ಹೋಗಿ ಅಧ್ಯಕ್ಷರನ್ನು ನೇರವಾಗಿ ಕೇಳಿದೆ. “ಕಾಡಿಗೆಯನ್ನ ಯಾಕೆ ಬಿಟ್ರಿ?”

“ಅದು ವೈನ್ ದ್ರಾಕ್ಷಿ ಅಲ್ಲಮ್ಮ.”

“ನೀವು ಅದರ ವೈನ್ ಕುಡಿದಿದೀರಾ?”

“ಕುಡಿದೇ ಹೇಳ್ಬೇಕಾ? ಪುಸ್ತಕದಲ್ಲೇ ಇಲ್ಲ ಅದು.”

“ನಾನೂ ಯಾವ ಪುಸ್ತಕದಲ್ಲೂ ಇಲ್ಲ ಸ್ವಾಮಿ. ಇಲ್ಲಿ ನಿಂತಿಲ್ವಾ?”

ಗುಮಾಸ್ತರು ಫೈಲಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು. ಕೊನೆಗೆ ನಿಯಮದಲ್ಲೇ ಒಂದು ದಾರಿಯಿದೆ ಎಂದು ಹೇಳಿದವರೂ ಅವರೇ. ಯಾವ ತಳಿಯವರಾದರೂ ರುಚಿ ಪರೀಕ್ಷೆ ಕೇಳಬಹುದು. ಏಳು ಜನ ರುಚಿ ನೋಡುತ್ತಾರೆ. ಗ್ಲಾಸಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಏಳರಲ್ಲಿ ಐವರು ಒಪ್ಪಿದರೆ ಆ ತಳಿ ಪಟ್ಟಿಗೆ ಸೇರುತ್ತದೆ. ಮುಲಾಜು ನುಸುಳಬಾರದೆಂದು ರುಚಿ ನೋಡುವವರು ಯಾರೆಂದು ಹೇಳುವುದಿಲ್ಲ, ಅವರನ್ನು ಹಿಂದಿನ ಗೇಟಿನಿಂದ ಕರೆತರುತ್ತಾರೆ. ನಾನು ಅಲ್ಲೇ ಅರ್ಜಿ ಬರೆದುಕೊಟ್ಟೆ.

ವೈನ್ ನನ್ನ ಬಳಿ ಇತ್ತು. ಹಿಂದಿನ ಕೊಯ್ಲಿನದು, ಪೀಪಾಯಿ ಮಾವನ ಕೊಟ್ಟಿಗೆಯಲ್ಲಿ ಒಂದು ವರ್ಷದಿಂದ ಮಲಗಿತ್ತು. ಪೀಪಾಯಿ ಮಾವ ನಿನಗೆ ನೆನಪಿದ್ದಾರಲ್ಲ, ಕಂಪನಿಗಳೆಲ್ಲ ಸ್ಟೀಲ್ ಟ್ಯಾಂಕ್ ಹಾಕಿಸಿಕೊಂಡ ಮೇಲೂ ಮರ ಬಗ್ಗಿಸುವುದನ್ನು ಬಿಡದೆ ಉಳಿದವರು. ಕಾಡಿಗೆಯ ಹುಳಿ ಜೋರು, ಗೊತ್ತಲ್ಲ. ಅದಕ್ಕೇ ಹಣ್ಣನ್ನು ಇನ್ನೂ ಹನ್ನೆರಡು ದಿನ ಬಳ್ಳಿಯಲ್ಲೇ ಬಿಟ್ಟು ಕೊಯ್ದಿದ್ದೆ. ಪಕ್ಕದ ತೋಟದವರು ಹಕ್ಕಿಗೆ ಬೆಳೆದೆಯಾ ಎಂದು ಹಂಗಿಸಿದರು. ಆ ಹನ್ನೆರಡು ದಿನವೂ ಡಬ್ಬ ಬಡಿಯುತ್ತಾ ಸಾಲಿನಿಂದ ಸಾಲಿಗೆ ಓಡಾಡಿದೆ. ಹುದುಗು ಬರುವಾಗ ದಿನಕ್ಕೆ ಮೂರು ಸಲ ಸಿಪ್ಪೆಯನ್ನು ರಸದೊಳಗೆ ಅದ್ದಿದೆ. ತಿಂಗಳುಗಟ್ಟಲೆ ಕಾದೆ. ಮಾವ ಮೊದಲ ಲೋಟ ಕುಡಿದು ತುಟಿ ಒರೆಸಿಕೊಂಡರು. ಆಮೇಲೆ ಲೋಟ ಮುಂದೆ ಹಿಡಿದು, “ಇನ್ನೊಂದ್ ಸ್ವಲ್ಪ ಹಾಕು, ಇನ್ನೂ ಗೊತ್ತಾಗ್ತಿಲ್ಲ” ಅಂದರು.

ಜನವರಿ ಇಪ್ಪತ್ತೆರಡಕ್ಕೆ ಪರೀಕ್ಷೆ. ಸಂಘದ ದೊಡ್ಡ ಕೋಣೆಯಲ್ಲಿ ಮಡಚುವ ಕುರ್ಚಿ ಹಾಕಿದ್ದರು. ಬೆಳೆಗಾರರು ಅರವತ್ತು ಎಪ್ಪತ್ತು ಜನ. ನರ್ಸರಿಯಲ್ಲಿ ನನ್ನ ಜೊತೆ ಕಸಿ ಕಟ್ಟುವ ಹೆಂಗಸರು ನಾಲ್ವರೂ ರಜೆ ಹಾಕಿ ಬಂದು ಮುಂದಿನ ಸಾಲಿನಲ್ಲೇ ಕುಳಿತರು. ಅವರಲ್ಲಿ ದಬ್ಬಣ ಅಂತ ಒಬ್ಬಳಿದ್ದಾಳೆ, ಉದ್ದಕ್ಕೆ, ಮೊನಚಾಗಿ, ಹೆಸರಿಗೆ ತಕ್ಕಂತೆ. ಅವಳು ಜೋರಾಗಿ, “ಒಳಗೆ ಕೂತಿರೋರು ಮನುಷ್ಯರಾ ದೇವರುಗಳಾ, ಮುಖ ತೋರ್ಸಕ್ಕೂ ಆಗಲ್ವಾ?” ಅಂದಳು. ಒಳಕೋಣೆಯ ಬಾಗಿಲು ಮುಚ್ಚಿತ್ತು. ಬಾಗಿಲ ಕೆಳಗಿನ ಸಂದಿಯಲ್ಲಿ ಬೂಟುಗಳು ಆಚೀಚೆ ಹೋಗುವುದು ಮಾತ್ರ ಕಾಣುತ್ತಿತ್ತು. ಒಂದೂವರೆ ಗಂಟೆ ಕಾದೆವು. ಅಷ್ಟು ಹೊತ್ತೂ ನಿನ್ನ ಭಾವ ನನ್ನ ಕೈ ಹಿಡಿದುಕೊಂಡು ಕುಳಿತಿದ್ದರು, ಮದುವೆಯ ಫೋಟೋದಲ್ಲಿ ಬಿಟ್ಟರೆ ಅವರು ಹಾಗೆ ಕೈ ಹಿಡಿದದ್ದು ನನಗೆ ನೆನಪಿಲ್ಲ.

ಗುಮಾಸ್ತರು ಏಳು ಚೀಟಿ ಹಿಡಿದು ಹೊರಗೆ ಬಂದು ಓದಿದರು. ನಾಲ್ಕು ಬೇಕು, ಮೂರು ಬೇಡ. ಐದಾಗಬೇಕಿತ್ತು.

ಒಂದೇ ಒಂದು ಚೀಟಿ, ಮೂಗಣ್ಣಾ.

ಅಧ್ಯಕ್ಷರು ಎದ್ದು ಎಲ್ಲರಿಗೂ ವಂದನೆ ಹೇಳಲು ಶುರುಮಾಡಿದರು. ನಾನು ನಡುವೆಯೇ, “ಚೀಟಿ ನೋಡ್ಬೇಕು” ಅಂದೆ.

“ನೋಡಿ ಏನ್ ಮಾಡ್ತೀಯಮ್ಮ? ಲೆಕ್ಕ ಸರಿಯಾಗಿದೆ.”

“ಲೆಕ್ಕ ಕೇಳ್ತಿಲ್ಲ. ನನ್ನ ವೈನಿನ ಬಗ್ಗೆ ಬರ್ದಿದಾರೆ, ನಾನು ಓದಬಾರ್ದಾ?”

ಗುಮಾಸ್ತರು ಅಧ್ಯಕ್ಷರ ಮುಖ ನೋಡದೆ ಏಳನ್ನೂ ಮೇಜಿನ ಮೇಲೆ ಹರಡಿದರು. ಬೇಕೆಂದವರಲ್ಲಿ ಒಬ್ಬರು ‘ಇಷ್ಟು ದಿನ ಇದು ಎಲ್ಲಿತ್ತು?’ ಎಂದಷ್ಟೇ ಬರೆದಿದ್ದರು. ಅದನ್ನು ಓದಿದಾಗ ಕಣ್ಣು ತುಂಬಿ ಬಂತು. ಬೇಡವೆಂದವರಲ್ಲಿ ಒಬ್ಬರು ಹುಳಿ ಹೆಚ್ಚಾಯಿತು ಎಂದಿದ್ದರು. ಇರಬಹುದು, ಒಪ್ಪುತ್ತೇನೆ. ಇನ್ನೊಬ್ಬರು ಬಣ್ಣ ಅತಿಯಾಯಿತು, ಗ್ಲಾಸಿನ ಗೋಡೆ ಬಿಡುವುದಿಲ್ಲ ಎಂದಿದ್ದರು. ಅದೂ ನಿಜವೇ. ಮೂರನೆಯದನ್ನು ಎರಡು ಸಲ ಓದಿ, ಇದ್ದಲ್ಲೇ ಇಟ್ಟು ಹೊರಗೆ ಬಂದೆ.

ವಾರಕ್ಕೆ ನೋಟಿಸು ಬಂತು. ಕಾಡಿಗೆ ಕೀಳದವರು ಬೇಸಿಗೆ ಮುಗಿದ ಮೇಲೆ ಸಂಘದ ಹಿಂಡುವ ಯಂತ್ರವನ್ನೂ ಶೀತಲ ಕೋಣೆಯನ್ನೂ ಬಳಸುವಂತಿಲ್ಲ. ಕೆಳಗಿನ ಬೀದಿಯವರು ಮರುದಿನವೇ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಕೀಳಿಸಿದರು. ನಾನು ಬೇಲಿಯ ಈಚೆ ನಿಂತು ನೋಡಿದೆ. ಅರವತ್ತು ವರ್ಷದ ಬಳ್ಳಿ ಸುಲಭಕ್ಕೆ ಬರುವುದಿಲ್ಲ, ಟ್ರ್ಯಾಕ್ಟರಿನ ಮುಂಚಕ್ರವೇ ಮೇಲೆದ್ದಿತು. ಡ್ರೈವರ್ ನನ್ನನ್ನು ನೋಡಿ, “ನಿಮ್ದು ಯಾವತ್ತಕ್ಕೆ ಇಟ್ಕೊಳ್ಳಲಿ ಅಕ್ಕಾ?” ಎಂದು ಕೇಳಿದ. “ನನ್ನನ್ನ ಹೂತ ಮಾರನೇ ದಿನಕ್ಕೆ ಇಟ್ಕೋ” ಅಂದೆ.

ಅಲ್ಲಿಂದ ಸೀದಾ ನರ್ಸರಿಗೆ ಹೋದೆ. ಕಸಿಯ ಕಾಲ. ಬೆಂಚುಗಳ ಮೇಲೆ ಕಡ್ಡಿಗಳ ಕಟ್ಟುಗಳು ಒದ್ದೆ ಗೋಣಿಯಲ್ಲಿ ಸಾಲಾಗಿ ಮಲಗಿದ್ದವು. ಬೇಸಿಗೆಯೊಳಗೆ ನಲವತ್ತು ಸಾವಿರ ಕಸಿ ಆಗಬೇಕಿತ್ತು. ಸಂಘ ಕೊಟ್ಟಿದ್ದ ಚಾಕು, ಬೀಗದ ಕೈ, ಏಪ್ರನ್ ಮೂರನ್ನೂ ಮೇಲ್ವಿಚಾರಕರ ಮೇಜಿನ ಮೇಲಿಟ್ಟೆ. “ಏನಮ್ಮಾ ಇದು?” ಅಂದರು. “ಇವತ್ತಿಂದ ಬರಲ್ಲ” ಅಂದೆ. ಹಿಂದೆ ತಿರುಗಿ ನೋಡಿದರೆ ದಬ್ಬಣ ತನ್ನ ಚಾಕು ಒರೆಸುತ್ತಿದ್ದಾಳೆ. ಒರೆಸಿ, ಮಡಚಿ, ನನ್ನ ಚಾಕುವಿನ ಪಕ್ಕ ಇಟ್ಟಳು. ಉಳಿದ ಮೂವರೂ ಇಟ್ಟರು. ನಾನು ಯಾರಿಗೂ ಒಂದು ಮಾತು ಹೇಳಿರಲಿಲ್ಲ, ನಿನ್ನಾಣೆ.

ಹೊರಗಿನಿಂದ ಆರು ಜನರನ್ನು ಕರೆಸಿ ಕಸಿ ಕಟ್ಟಿಸಿದರು. ಹತ್ತರಲ್ಲಿ ಆರು ಕಡ್ಡಿ ಹಿಡಿಯಲಿಲ್ಲ. ಬೇರಿನ ಕಡ್ಡಿಯೂ ತಳಿಯ ಕಡ್ಡಿಯೂ ಕೂದಲೆಳೆಯ ಸಂದಿಲ್ಲದೆ ಒಂದನ್ನೊಂದು ಕಚ್ಚಿಕೊಳ್ಳಬೇಕು. ಅದು ವಾರದಲ್ಲಿ ಬರುವ ಕೈಯಲ್ಲ. ಹದಿನೇಳನೇ ದಿನ ಅಧ್ಯಕ್ಷರೇ ನಮ್ಮ ಮನೆಗೆ ಬಂದರು. ಹೊಸ ಅಂಗಿ, ಹಳೆಯ ನಗು. ಕುರ್ಚಿ ಕೊಟ್ಟೆ, ನೀರು ಕೊಟ್ಟೆ.

“ನೋಡಮ್ಮ, ನಮಗೂ ಕಾಡಿಗೆ ಮೇಲೆ ಅಭಿಮಾನ ಇಲ್ದೆ ಇಲ್ಲ. ಸಂಘದ ಬಾಗಿಲಲ್ಲಿ ಹತ್ತು ಬಳ್ಳಿ ಇಟ್ಕೊಳ್ಳೋಣ. ಸುತ್ತ ಕಂಬಿ ಹಾಕಿ, ಒಂದು ಫಲಕ ಬರೆಸೋಣ. ಬಂದೋರು ಫೋಟೋ ತಗೊಳ್ತಾರೆ. ನೆನಪಿಗೆ ಇರುತ್ತೆ.”

“ನೆನಪು ಸತ್ತವರಿಗೆ ಸ್ವಾಮಿ. ಇವು ಬದುಕಿವೆ.”

“ಹಟ ಮಾಡ್ಬೇಡ. ಹೊರಗಿನ ಮಾರ್ಕೆಟ್ಟಿಗೆ ಗೊತ್ತಿರೋ ಹೆಸರು ಬೇಕು. ಕಾಡಿಗೆ ಅಂದ್ರೆ ಯಾರಿಗೆ ಗೊತ್ತು?”

“ಶಿರಾಜ್ ಅಂದ್ರೆ ಇಪ್ಪತ್ತೈದು ವರ್ಷದ ಹಿಂದೆ ನಿಮಗೆ ಗೊತ್ತಿತ್ತಾ? ನೀವದನ್ನ ಔಷಧಿ ಅಂಗಡೀಲಿ ಕೇಳಿದ್ರಿ, ಸಿರಪ್ ಅಂತ.”

ನಿನ್ನ ಭಾವ ಒಳಗಿನಿಂದ ಕೆಮ್ಮಿದರು. ಅವರ ಕೆಮ್ಮು ಎಂದರೆ ನಗು ಎಂದು ಅಧ್ಯಕ್ಷರಿಗೆ ಗೊತ್ತಿಲ್ಲ. ಪುಣ್ಯ.

ಕೊನೆಗೆ ಅವರು ದನಿ ತಗ್ಗಿಸಿ, “ಹೋಗ್ಲಿ, ನೀನೇ ಹೇಳು, ಏನ್ ಮಾಡಿದ್ರೆ ವಾಪಸ್ ಬರ್ತೀಯ?” ಎಂದರು.

“ಕಾಡಿಗೆಯನ್ನ ಪಟ್ಟಿಗೆ ಸೇರ್ಸಿ. ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಬೆಂಚಿನ ಮುಂದೆ ಇರ್ತೀನಿ. ನಿಮ್ಮ ಶಿರಾಜನ್ನೇ ಕಟ್ತೀನಿ.”

“ಅದಾಗಲ್ಲಮ್ಮ.”

“ಹಾಗಾದ್ರೆ ಇದೂ ಆಗಲ್ಲ.”

ನೀರಿನ ಲೋಟವನ್ನು ಪೂರ್ತಿ ಕುಡಿದು ಎದ್ದುಹೋದರು. ಒಂದು ಮಾತು ಒಪ್ಪುತ್ತೇನೆ, ಅಂದು ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿ ನಿಂತುಬಿಟ್ಟೆ. ಇಪ್ಪತ್ತೊಂದು ವರ್ಷದ ಕೆಲಸ. ಬೆಳಿಗ್ಗೆ ಎದ್ದರೆ ಕೈ ತಾನಾಗಿ ಚಾಕು ಹುಡುಕುತ್ತದೆ. ನಿನ್ನ ಭಾವ ಬಂದು ಪಕ್ಕದಲ್ಲಿ ನಿಂತು ಆ ದಿನದ ಏಳು ಮಾತಿನಲ್ಲಿ ಮೂರನ್ನು ನನಗೆ ಕೊಟ್ಟರು. “ಸರಿಯಾಗಿ ಮಾಡಿದೆ ನೀನು.”

ಈಗ ನಮ್ಮದೇ ದಾರಿ ಹಿಡಿದಿದ್ದೇವೆ. ವಿನೆಗರ್ ಕಾರ್ಖಾನೆಯ ಹಳೆಯ ತಿರುಪಿನ ಗಾಣ ತುಕ್ಕು ಹಿಡಿದು ಬಿದ್ದಿತ್ತು. ಪೀಪಾಯಿ ಮಾವ ಅದರ ಹಲಗೆಗಳನ್ನೆಲ್ಲ ಬದಲಾಯಿಸಿ ನಿಲ್ಲಿಸಿದ್ದಾರೆ. ತಿರುಗಿಸಲು ಇಬ್ಬರು ಬೇಕು, ದಬ್ಬಣಳಾದರೆ ಒಬ್ಬಳೇ ಸಾಕು. ಇದ್ದ ವೈನನ್ನು ಆರುನೂರು ಬಾಟಲಿಗೆ ತುಂಬಿದೆವು. ಪ್ರದೇಶದ ಹೆಸರು ಹಾಕುವ ಹಾಗಿಲ್ಲವಲ್ಲ, ಲೇಬಲ್ಲಿನಲ್ಲಿ ಅದಿರಬೇಕಾದ ಜಾಗವನ್ನು ಖಾಲಿ ಬಿಡಿಸಿದೆ. ಮುದ್ರಣದವರು ಏನೋ ಬಿಟ್ಟುಹೋಗಿದೆ ಎಂದು ಎರಡು ಸಲ ಫೋನ್ ಮಾಡಿದರು. ರೈಲ್ವೆ ನಿಲ್ದಾಣದ ಊಟದ ಮನೆಯವಳು ಮೊದಲು ತೆಗೆದುಕೊಂಡಳು. ಕುಡಿದವರು ಇದು ಎಲ್ಲಿಯದು ಎಂದು ಕೇಳಿದರೆ ಅವಳು ಕಿಟಕಿಯ ಆಚೆ ನಮ್ಮ ಇಳಿಜಾರಿನ ಕಡೆ ಕೈ ತೋರಿಸುತ್ತಾಳಂತೆ. ಕೈ ತೋರಿಸಬಾರದೆಂದು ಯಾವ ಪಟ್ಟಿಯಲ್ಲೂ ಬರೆದಿಲ್ಲ.

ಹೋದ ಸೋಮವಾರ ಇನ್ನೊಂದು ತಮಾಷೆಯಾಯಿತು. ಅಧ್ಯಕ್ಷರ ಅತ್ತೆ, ಎಂಬತ್ತು ದಾಟಿದ ಮುದುಕಿ, ಕೋಲೂರಿಕೊಂಡು ತೋಟಕ್ಕೇ ಬಂದರು. ಅಳಿಯ ಮನೆಯ ಹಿತ್ತಲಿನ ಕಾಡಿಗೆಯನ್ನೂ ಕೀಳಿಸಿದನಂತೆ. “ನಾಲ್ಕ್ ಕಡ್ಡಿ ಕೊಡು ತಾಯಿ. ಅವನಿಗೆ ಹೇಳ್ಬೇಡ. ಕೇಳಿದ್ರೆ ಗುಲಾಬಿ ಅಂತೀನಿ.” ಹನ್ನೆರಡು ಕಡ್ಡಿ ಕೊಟ್ಟು, ಒದ್ದೆ ಬಟ್ಟೆ ಸುತ್ತಿ ಕಳಿಸಿದೆ. ಅವರಿಗಿಂತ ಮೊದಲು ಮೂರು ಮನೆಯವರು ಬಂದು ಒಯ್ದಿದ್ದರು. ಬರುವ ವರ್ಷ ಎಷ್ಟು ಮನೆಯಾಗುತ್ತದೋ ನೋಡೋಣ. ಮತ್ತೆ ಅರ್ಜಿ ಹಾಕುತ್ತೇನೆ. ಆಗಲಿಲ್ಲವೆಂದರೆ ಅದರ ಮುಂದಿನ ವರ್ಷವೂ ಹಾಕುತ್ತೇನೆ. ಅಧ್ಯಕ್ಷರು ಬದಲಾಗುತ್ತಾರೆ, ನಾನು ಬದಲಾಗುವುದಿಲ್ಲ.

ಬಿಸಿಲು ಇಳಿಯಿತು, ಸಾಲುಗಳಿಗೆ ನೀರು ಬಿಡಬೇಕು. ಮಗಳಿಗೆ ಅತ್ತೆಯ ಮುತ್ತು. ನಿನ್ನ ಹೆಂಡತಿಗೆ ಬೆನ್ನುನೋವೆಂದು ಬರೆದಿದ್ದೆಯಲ್ಲ, ಬಿಸಿ ಕಾವು ಕೊಟ್ಟುಕೊಳ್ಳಲು ಹೇಳು, ಭಾರ ಎತ್ತಲು ಬಿಡಬೇಡ. ನಿನ್ನ ಮೂಗಿಗೂ ನಾಲಿಗೆಗೂ ನೂರು ವರ್ಷ ಆಯಸ್ಸಿರಲಿ. ಮನೆಯವರೆಲ್ಲ ತಣ್ಣಗಿರಿ.

ನಿನ್ನ
ಅಕ್ಕ

ಇನ್ನೊಂದು ಮಾತು. ಮರೆತು ಉಳಿದದ್ದಲ್ಲ, ಬರೆಯಲಾಗದೆ ಉಳಿದದ್ದು. ಆ ಮೂರನೆಯ ಚೀಟಿಯಲ್ಲಿ ‘ವೈನ್ ಒಳ್ಳೆಯದಿದೆ. ಆದರೆ ಇದು ನಮ್ಮ ನೆಲದ ರುಚಿಯಲ್ಲ’ ಎಂದು ಬರೆದಿತ್ತು. ‘ಯ’ ಅಕ್ಷರದ ಬಾಲ ಎರಡು ಸುತ್ತು ಸುತ್ತಿತ್ತು. ಅಮ್ಮ ತೀರಿಹೋದ ವರ್ಷ ನಿನಗೆ ಅಕ್ಷರ ತಿದ್ದಿಸಿದವಳು ನಾನು. ನನಗೇ ಸರಿಯಾಗಿ ಬಾರದ ‘ಯ’ವನ್ನು ತಪ್ಪಾಗಿ ಕಲಿಸಿದೆ. ಹಾಗೆ ಬರೆಯುವವರು ಭೂಮಿಯ ಮೇಲೆ ಇಬ್ಬರೇ. ಒಳಕೋಣೆಯಲ್ಲಿ ನೀನಿದ್ದೆ. ಬಾಗಿಲಿನಾಚೆ ನಾನಿದ್ದೇನೆಂದು ನಿನಗೆ ಗೊತ್ತಿತ್ತು. ಕಾಡಿಗೆಯನ್ನು ಕಣ್ಣು ಕಟ್ಟಿದರೂ ಗುರುತಿಸುವ ಮೂಗು ನಿನ್ನದು. ಹುಳಿ ಎಂದು ಬರೆದಿದ್ದರೆ ನುಂಗಿಕೊಳ್ಳುತ್ತಿದ್ದೆ. ಕೆಟ್ಟದ್ದು ಎಂದಿದ್ದರೂ ನಿನ್ನ ನಾಲಿಗೆಯನ್ನು ನಂಬಿ, ಮುಂದಿನ ವರ್ಷ ಸರಿಮಾಡುತ್ತಿದ್ದೆ. ಒಳ್ಳೆಯದು ಎಂದು ಬರೆದು, ನಮ್ಮದಲ್ಲ ಎಂದೆ. ಕೆಲಸಕ್ಕೆ ಹೆದರಿ ಬರೆದೆಯೋ, ನಂಬಿ ಬರೆದೆಯೋ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ, ನಿನ್ನ ಭಾವನಿಗೂ. ಹೇಳುವುದೂ ಇಲ್ಲ. ಆದರೆ ಒಂದು ದಿನ ನೀನು ಇಲ್ಲಿಗೆ ಬರಬೇಕು. ನನ್ನೆದುರು ಕುಳಿತು ಒಂದು ಲೋಟ ಕುಡಿದು, ಆ ಮಾತನ್ನು ನಿನ್ನ ಬಾಯಿಂದ ನನಗೆ ಹೇಳಬೇಕು. ಹೇಳಲು ಆಗದಿದ್ದರೆ ಸುಮ್ಮನೆ ಕುಡಿದು ಎದ್ದೇಳು. ತೋಟದ ಮೇಲಿನ ಎಂಟು ಸಾಲು ಬಳ್ಳಿ ಇನ್ನೂ ಸವರಿಲ್ಲ. ಕತ್ತರಿ ನಾನು ಕೊಡುತ್ತೇನೆ.